ಅಂಬ್ರೆಲ್ಲಾ ಪಾಮ್ ಅಂತ ಕೊಟ್ಟರು, ಇದು ಪಪೈರಸ್ಸಾ? ಸಾಕಿದವರು ಅನುಭವ ಹೇಳಿ

ಮೈಸೂರು ಬಾಲ್ಕನಿ:
ಎಲ್ಲರಿಗೂ ನಮಸ್ಕಾರ. ಮೊದಲ ಮಹಡಿ ಮನೆ, ಪೂರ್ವಕ್ಕೆ ಬಾಲ್ಕನಿ, ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತದೆ. ನರ್ಸರಿಯಲ್ಲಿ ಅಂಬ್ರೆಲ್ಲಾ ಪಾಮ್ ಅಂತ ಒಂದು ಗಿಡ ಕೊಟ್ಟರು, 120 ರೂಪಾಯಿ. ಉದ್ದ ಹಸಿರು ಕಡ್ಡಿ, ತುದಿಯಲ್ಲಿ ಕೊಡೆ ಬಿಚ್ಚಿದ ಹಾಗೆ ಎಲೆ. ಪಕ್ಕದ ಮನೆಯವರು ಪಪೈರಸ್ (ಹಿಂದೆ ಈಜಿಪ್ಟಿನಲ್ಲಿ ಕಾಗದ ಮಾಡುತ್ತಿದ್ದ ಗಿಡ) ಅಂತಿದ್ದಾರೆ. ಎಲೆ ತುದಿ ಕಂದಾಗುತ್ತಿದೆ. ಕುಂಡವನ್ನು ನೀರಲ್ಲೇ ಇಡಬೇಕಾ, ಮಾಮೂಲಿ ನೀರು ಹಾಕಿದರೆ ಸಾಕಾ? ಮನೆಯಲ್ಲಿ ಬೆಕ್ಕೂ ಇದೆ, ಆಗಲೇ ಎರಡು ಎಲೆ ಕಚ್ಚಿದೆ.

ತಾರಸಿ ತೋಟ, ಬೆಂಗಳೂರು:
ನಿಮಗೆ ಸರಿಯಾದ ಗಿಡವಾದರೂ ಸಿಕ್ಕಿದೆ. ನನಗೆ ಸಿಕ್ಕಿದ್ದೇ ಬೇರೆ. ತಾರಸಿ ಮೇಲೆ ತಾವರೆ ತೊಟ್ಟಿ ಮಾಡಿಸಿದೆ. ಸಿಮೆಂಟ್ ತೊಟ್ಟಿ 1,800, ಆಟೋದವರಿಗೆ 350, ಮೂರು ಮಹಡಿ ಹೊತ್ತವರಿಗೆ 400. ಪಕ್ಕದಲ್ಲಿ ನಿಲ್ಲಿಸಲು ನೀರು ಕುಡಿಯುವ ಗಿಡ ಬೇಕು ಅಂತ ಬಿಡಿಸಿ ಹೇಳಿ, ಅಂಬ್ರೆಲ್ಲಾ ಗಿಡ ಅಂತ 450 ಕೊಟ್ಟು ತಂದೆ. ಅದು ಶೆಫ್ಲೆರಾ. ಅದನ್ನೂ ಅಂಬ್ರೆಲ್ಲಾ ಅಂತಲೇ ಮಾರುತ್ತಾರೆ. ಗಟ್ಟಿ ಕಾಂಡ, ಅಂಗೈ ಬಿಡಿಸಿದ ಎಲೆ, ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುವ ಜಾತಿ. ತೊಟ್ಟಿಗೆ ಇಳಿಸಿದ ಮೇಲೆ ಎಲೆ ಕಪ್ಪಾಗಿ ಉದುರಿ ಹೋಯಿತು. ಕೇಳಿದರೆ ನರ್ಸರಿಯವರು, "ನೀವು ಅಂಬ್ರೆಲ್ಲಾ ಅಂದ್ರಿ, ನಾವು ಅಂಬ್ರೆಲ್ಲಾ ಕೊಟ್ವಿ" ಅಂದರು. ವಾಪಸ್ ತಗೊಳ್ಳಲಿಲ್ಲ. ಗಿಡ ಮಾರುವವರಿಗೆ ಯಾವುದು ನೀರಲ್ಲಿ ನಿಲ್ಲುತ್ತೆ, ಯಾವುದು ಇಲ್ಲ ಅನ್ನುವಷ್ಟೂ ಗೊತ್ತಿರಬೇಡವಾ?

ಸಸ್ಯಶಾಸ್ತ್ರ ಮೇಷ್ಟ್ರು, ಧಾರವಾಡ:
ಅಂಗಡಿ ಹೆಸರು ನಂಬಿ ಹೊರಟರೆ ಹೀಗೇ ಆಗುವುದು. ಮೂವತ್ತು ವರ್ಷ ಮಕ್ಕಳಿಗೆ ಇದನ್ನೇ ಹೇಳಿದ್ದೇನೆ. ಮೊದಲು ಕಡ್ಡಿಯನ್ನು ಎರಡು ಬೆರಳ ನಡುವೆ ಉರುಳಿಸಿ ನೋಡಿ. ಅಂಬ್ರೆಲ್ಲಾ ಪಾಮ್, ಪಪೈರಸ್ ಎರಡೂ ಜೇಕು ಕಳೆಯ ಕುಟುಂಬದವೇ. ಆ ಕುಟುಂಬದ ಹೆಚ್ಚಿನ ಗಿಡಗಳಲ್ಲಿ ಮೂರು ಏಣು ಸಿಗುತ್ತವೆ. ಹುಲ್ಲಿನ ಹಾಗೆ ಗೆಣ್ಣು ಇರುವುದಿಲ್ಲ, ಒಳಗೆ ಟೊಳ್ಳಲ್ಲ, ಮೆತ್ತನೆ ತಿರುಳು. ಅಂಬ್ರೆಲ್ಲಾ ಪಾಮ್‌ನಲ್ಲಿ ಏಣು ಅಷ್ಟು ಚೂಪಾಗಿರದೆ ಕಡ್ಡಿ ದುಂಡಗೆ ಅನ್ನಿಸಬಹುದು. ಪಪೈರಸ್‌ನಲ್ಲಿ ಮೂರು ಮೂಲೆ ಸ್ಪಷ್ಟ.

ಆಮೇಲೆ ತಲೆ ನೋಡಿ. ಚಪ್ಪಟೆ ಪಟ್ಟಿ ಎಲೆಗಳು ಸುತ್ತಲೂ ಹರಡಿದ್ದರೆ ಅಂಬ್ರೆಲ್ಲಾ ಪಾಮ್. ನೂಲಿನಷ್ಟು ಸಣ್ಣ ಎಳೆಗಳು ಗೊಂಚಲಾಗಿ ಇಳಿಬಿದ್ದಿದ್ದರೆ ಪಪೈರಸ್. ಎಳೆಗಳೇ, ಆದರೆ ಗಿಡ ಮೊಣಕಾಲೆತ್ತರಕ್ಕೆ ನಿಂತರೆ ಕುಬ್ಜ ಪಪೈರಸ್, ಅಂದರೆ ಸೈಪರಸ್ ಪ್ರೊಲಿಫರ್. ಬಿಳಿ ಎಲೆಗೆ ಹಸಿರು ತುದಿ ಇದ್ದು ನಕ್ಷತ್ರದ ಹಾಗೆ ಕಂಡರೆ ಅದು ಅಮೆರಿಕದಿಂದ ಬಂದ ರಿಂಕೋಸ್ಪೋರಾ ಅನ್ನುವ ಬೇರೆ ಗಿಡ.

ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್ ಪಪೈರಸ್‌ಗೆ ಹೆಸರಿಟ್ಟಿದ್ದು 1753ರಲ್ಲಿ, ಅಂಬ್ರೆಲ್ಲಾ ಪಾಮ್ ಅನ್ನುವ ಸೈಪರಸ್ ಆಲ್ಟರ್ನಿಫೋಲಿಯಸ್‌ಗೆ 1767ರಲ್ಲಿ. ಆಲ್ಟರ್ನಿಫೋಲಿಯಸ್ ಮೂಲ ಮಡಗಾಸ್ಕರ್. ನಮ್ಮ ತೋಟಗಳಲ್ಲಿ ಆ ಹೆಸರಲ್ಲಿ ಓಡಾಡುವುದು ಬಹುಪಾಲು ಆಫ್ರಿಕಾ ಮೂಲದ ಸೈಪರಸ್ ಇನ್ವೊಲ್ಯುಕ್ರೇಟಸ್. ಪಾಮ್ ಅನ್ನುವುದಂತೂ ಶುದ್ಧ ತಪ್ಪು. ತೆಂಗು ಅಡಿಕೆಗೂ ಇದಕ್ಕೂ ಸಂಬಂಧವಿಲ್ಲ.

ಮಲೆನಾಡ ಕೆರೆಯಂಚು, ಸಾಗರ:
ಮೇಷ್ಟ್ರೇ, ಹೆಸರು ಸರಿ ಇದ್ದರೆ ಗಿಡ ಬದುಕುತ್ತಾ? ನೀರು ಬೇಕು ಸ್ವಾಮಿ. ನಮ್ಮ ಬಚ್ಚಲು ನೀರು ಪೂರ್ತಿ ಈ ಗಿಡದ ಬುಡಕ್ಕೇ ಹೋಗುತ್ತದೆ. ಹತ್ತಡಿ ಉದ್ದದ ಗುಂಡಿ, ತಳಕ್ಕೆ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಆಮೇಲೆ ಮರಳು. ಜಲ್ಲಿಗೆ 3,200, ಪೈಪಿಗೆ 1,450, ಕೂಲಿ 2,000. ಒಂದು ಕಡೆ ಕಾಬಾಳೆ, ಒಂದು ಕಡೆ ಇದು. ಸೋಪಿನ ವಾಸನೆ ಹೋಯಿತು, ಆ ನೀರಲ್ಲಿ ಬಾಳೆ ಬಂತು. ಊರಲ್ಲಿ ನಕ್ಕವರೇ ಈಗ ಬಂದು ಬುಡ ಕೇಳುತ್ತಿದ್ದಾರೆ.

ಕಷ್ಟವೂ ಹೇಳುತ್ತೇನೆ. ಬೇರು ಪೈಪಿನ ಬಾಯಿಗೆ ಹೊಕ್ಕು ನೀರು ಬಚ್ಚಲಿಗೇ ವಾಪಸ್ ಬಂತು. ಅದನ್ನು ಬಿಡಿಸಲು ಮತ್ತೆ 900. ಅದಕ್ಕೇ ಪೈಪಿನ ತುದಿಗೆ ದಪ್ಪ ಜಲ್ಲಿಯ ಗುಡ್ಡೆ ಇರಲೇಬೇಕು. ಕುಂಡದಲ್ಲಿ ಇಟ್ಟು ಲೋಟದಲ್ಲಿ ನೀರು ಹಾಕಿ ಸಾಕುವುದು ಈ ಗಿಡಕ್ಕೆ ಮಾಡುವ ಅನ್ಯಾಯ.

ಬಯಲುಸೀಮೆ ಅಕ್ಕ, ಬಳ್ಳಾರಿ:
ಸಾಗರದಲ್ಲಿ ಕೂತು ನೀರಿನ ಪಾಠ ಹೇಳುವುದು ಸುಲಭ ಬಿಡಿ ಅಣ್ಣ. ನಮ್ಮಲ್ಲಿ ಬರುವುದು ಬೋರ್ ನೀರು. ಬಕೆಟ್ ತಳದಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಆ ನೀರಲ್ಲಿ ಕುಂಡ ಮುಳುಗಿಸಿ ಇಟ್ಟರೆ ನೀರು ಆವಿಯಾಗುತ್ತೆ, ಉಪ್ಪು ಮಣ್ಣಲ್ಲೇ ಉಳಿಯುತ್ತೆ, ಎಲೆ ತುದಿ ಸುಡುತ್ತೆ. ಏಪ್ರಿಲ್ ಗಾಳಿಗೆ ಇನ್ನೂ ಜಾಸ್ತಿ. ನಾನು ಮಳೆನೀರು ಡ್ರಮ್ಮಿನಲ್ಲಿ ಹಿಡಿದಿಟ್ಟಿದ್ದೇನೆ, ಡ್ರಮ್ಮಿಗೇ 1,100 ಆಯ್ತು. ಬೇಸಿಗೆಯಲ್ಲಿ ಎಸಿಯಿಂದ ತೊಟ್ಟಿಕ್ಕುವ ನೀರು. ಆರ್‌ಓ ಯಂತ್ರದಿಂದ ಹೊರಗೆ ಬೀಳುವ ನೀರನ್ನು ಮಾತ್ರ ಹಾಕಬೇಡಿ, ಅದರಲ್ಲಿ ಉಪ್ಪು ಇನ್ನೂ ಜಾಸ್ತಿ. ನಮ್ಮ ಬೀದಿಯಲ್ಲಿ ಎಲ್ಲರೂ ಅದನ್ನೇ ಗಿಡಕ್ಕೆ ಸುರಿಯುತ್ತಾರೆ, ಹೇಳಿದರೆ ಕೇಳುವುದಿಲ್ಲ.

ನನ್ನ ಗಿಡ ತಟ್ಟೆಯಲ್ಲಿ ಎರಡು ಬೆರಳು ನೀರಿದ್ದರೆ ಸಾಕು ಅಂತ ಐದಡಿ ಬೆಳೆದಿದೆ. ಆಗಾಗ ಮೇಲಿನಿಂದ ಧಾರಾಳ ನೀರು ಬಿಟ್ಟು ಉಪ್ಪು ತೊಳೆಯುತ್ತೇನೆ. ಇದರಲ್ಲಿ ಅನ್ಯಾಯ ಎಲ್ಲಿ ಬಂತು?

ಮಲೆನಾಡ ಕೆರೆಯಂಚು, ಸಾಗರ:
ತಟ್ಟೆಯಲ್ಲಿ ಬದುಕಿದೆ ಅಂದ ಮಾತ್ರಕ್ಕೆ ಖುಷಿಯಾಗಿದೆ ಅಂತಲ್ಲ ಅಕ್ಕ. ನಮ್ಮದು ಒಂದು ಬುಡದಿಂದ ಗುಂಡಿ ತುಂಬಾ ಹಬ್ಬಿದೆ.

ಬಯಲುಸೀಮೆ ಅಕ್ಕ, ಬಳ್ಳಾರಿ:
ಹಬ್ಬುವುದೇ ದೊಡ್ಡಸ್ತಿಕೆಯಾ? ನನ್ನ ಮಣ್ಣಿನ ಕುಂಡ ಬೇರಿನ ಒತ್ತಡಕ್ಕೆ ಸೀಳಿ ಹೋಗಿದೆ, 380 ರೂಪಾಯಿ ಕುಂಡ. ವರ್ಷಕ್ಕೊಮ್ಮೆ ಬುಡ ಕತ್ತರಿಸಿ ಪಾಲು ಮಾಡಬೇಕು. ಗರಗಸದ ಚಾಕು ಇಲ್ಲದೆ ಆಗುವುದಿಲ್ಲ. ನೀರು ಎಲ್ಲರಿಗೂ ಒಂದೇ ಥರ ಸಿಗುವುದಿಲ್ಲ, ಅಷ್ಟು ತಿಳಿದು ಮಾತಾಡಿ.

ಮಣ್ಣುಕೈ, ತುಮಕೂರು:
ಜೇಕಿನ ಕುಟುಂಬ ಅಂತ ಓದಿಯೇ ಮೈ ಉರಿಯಿತು. ನಮ್ಮ ಹೊಲಕ್ಕೆ ಜೇಕು ಬಂದಿದ್ದು ಕೊಂಡು ತಂದ ಗೊಬ್ಬರದ ಮಣ್ಣಿನ ಜೊತೆ. ಒಂದು ಲೋಡು 4,500 ಕೊಟ್ಟು ತರಿಸಿದ್ದು. ಈಗ ಈರುಳ್ಳಿ ಮಡಿಯಲ್ಲಿ ಕಳೆ ತೆಗೆಯುವ ಕೂಲಿಯೇ ಲಾಭ ತಿನ್ನುತ್ತಿದೆ. ಕಿತ್ತರೆ ಮೇಲಿನ ಗರಿ ಮಾತ್ರ ಕೈಗೆ ಬರುತ್ತೆ. ಕೆಳಗೆ ಗಡ್ಡೆಗೆ ಗಡ್ಡೆ ಪೋಣಿಸಿಕೊಂಡು ಕೂತಿರುತ್ತೆ, ಮಾರನೇ ವಾರ ಮತ್ತೆ ಚಿಗುರು. ರೈತರು ಇದನ್ನು ತೆಗೆಯಲು ಸಾಯ್ತಿದ್ದೇವೆ, ಪೇಟೆಯವರು ದುಡ್ಡು ಕೊಟ್ಟು ತರ್ತಿದ್ದೀರಿ!

ಸಸ್ಯಶಾಸ್ತ್ರ ಮೇಷ್ಟ್ರು, ಧಾರವಾಡ:
ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೆ ಎರಡನ್ನೂ ಒಂದೇ ಮಾಡಬೇಡಿ. ನೀವು ಹೇಳುವುದು ಸೈಪರಸ್ ರೋಟಂಡಸ್, ಕೊನ್ನಾರಿ ಗಡ್ಡೆ. ಅಂಬ್ರೆಲ್ಲಾ ಪಾಮ್ ಅಂಥ ಗಡ್ಡೆ ಸರ ಕಟ್ಟುವುದಿಲ್ಲ. ಗಿಡ್ಡ ಬೇರುಕಾಂಡದಿಂದ ಬುಡ ದಪ್ಪವಾಗುತ್ತದೆ.

ಮಣ್ಣುಕೈ, ತುಮಕೂರು:
ಪುಸ್ತಕದಲ್ಲಿ ಬೇರೆ ಇರಬಹುದು ಸರ್. ಆದರೆ ಈ ನಿಮ್ಮ ಗಿಡದ ಬೀಜ ಹಾರಿ ಚರಂಡಿಯಲ್ಲಿ ಹುಟ್ಟಿದ್ದನ್ನು ನಾನೇ ನೋಡಿದ್ದೇನೆ. ಹೊಳೆಯಂಚಲ್ಲಿ ಇದನ್ನು ನೆಡಬೇಡಿ ಅಂತ ಯಾರೂ ಯಾಕೆ ಹೇಳುವುದಿಲ್ಲ?

ಸಸ್ಯಶಾಸ್ತ್ರ ಮೇಷ್ಟ್ರು, ಧಾರವಾಡ:
ಆ ಮಾತು ಒಪ್ಪುತ್ತೇನೆ. ಆಸ್ಟ್ರೇಲಿಯಾದಲ್ಲೂ ಹವಾಯಿಯಲ್ಲೂ ಇದು ತೋಟದಿಂದ ಹೊರಗೆ ಓಡಿ ಹೊಳೆದಂಡೆ ಹಿಡಿದಿದೆ. ಹೂ ಕಂದಾಗುವ ಮೊದಲೇ ತಲೆ ಕತ್ತರಿಸಿ. ಬುಡವನ್ನು ಕೆರೆಗೆ ಎಸೆಯಬೇಡಿ.

ಕರಾವಳಿ ಮಳೆ, ಉಡುಪಿ:
ನಾನು ಸಾಕಿದ್ದು ನಿಜವಾದ ಪಪೈರಸ್. ಆನ್‌ಲೈನ್‌ನಲ್ಲಿ 1,250, ಸಾಗಣೆ 180. ಬುಡ ಒಣಗಿಯೇ ಬಂದಿತ್ತು, ಹಣ ವಾಪಸ್ ಕೊಡಲಿಲ್ಲ. ಒಂದು ಮೊಳಕೆ ಉಳಿಯಿತು, ಅದರಿಂದ ಎಂಟಡಿ ಗಿಡ ಮಾಡಿದೆ. ಮಳೆಗಾಲದ ಗಾಳಿಗೆ ಕಡ್ಡಿಗಳು ನಡುವಿಗೆ ಮುರಿದವು. ಬಿದಿರು ಗೂಟ, ತೆಂಗಿನ ಹಗ್ಗ, ಎಲ್ಲಾ ಸೇರಿ ಮತ್ತೆ 600. ಈಗ ಗೋಡೆ ಮರೆಗೆ ಇಟ್ಟಿದ್ದೇನೆ, ನೋಡಲು ಬಂದವರು ನಿಂತೇ ಬಿಡುತ್ತಾರೆ.

ಗಿಡ ಹೆಚ್ಚಿಸುವ ಬಗ್ಗೆ ಒಂದು ಮಾತು. ಅಂಬ್ರೆಲ್ಲಾ ಪಾಮ್‌ನ ತಲೆಯನ್ನು ಎರಡು ಇಂಚು ಕಡ್ಡಿ ಸಮೇತ ಕತ್ತರಿಸಿ, ಎಲೆ ಅರ್ಧಕ್ಕೆ ಮೊಟಕು ಮಾಡಿ, ತಲೆಕೆಳಗಾಗಿ ನೀರಲ್ಲಿ ತೇಲಿಬಿಟ್ಟರೆ ನಡುವಿನಿಂದ ಬೇರೂ ಚಿಗುರೂ ಬರುತ್ತವೆ. ಪಪೈರಸ್‌ಗೆ ಈ ಉಪಾಯ ನಂಬಬೇಡಿ, ಅದಕ್ಕೆ ಬುಡ ಪಾಲು ಮಾಡುವುದೇ ದಾರಿ. ಸೊಳ್ಳೆ ಬಾರದಂತೆ ತೊಟ್ಟಿಗೆ ಗಪ್ಪಿ ಮೀನು ಬಿಡಿ.

ತಾರಸಿ ತೋಟ, ಬೆಂಗಳೂರು:
ಗಪ್ಪಿ ಅಂತ ಹೇಳಿಬಿಟ್ಟರೆ ಆಯ್ತಾ? ಜೋಡಿಗೆ 30 ಕೊಟ್ಟು ಬಿಟ್ಟೆ. ಮಾಲಿ ಹಸಿ ಸಗಣಿ ಹಾಕಿದ, ನೀರು ಹಸಿರಾಗಿ ಅಷ್ಟೂ ಸತ್ತವು. ಮೀನಿರುವ ತೊಟ್ಟಿಗೆ ಹಸಿ ಗೊಬ್ಬರ ಹಾಕಬಾರದು ಅಂತ ಸೇರಿಸಿ ಹೇಳಿ.

ಮಲೆನಾಡ ಕೆರೆಯಂಚು, ಸಾಗರ:
ಗಪ್ಪಿ ದಕ್ಷಿಣ ಅಮೆರಿಕದ ಮೀನು. ತೊಟ್ಟಿ ತುಂಬಿ ಹರಿದರೆ ಹಳ್ಳ ಸೇರುತ್ತೆ. ನಮ್ಮದೇ ಪಟ್ಟೆ ಕಿಲ್ಲಿಫಿಶ್ ಇದೆ, ಅದೂ ಸೊಳ್ಳೆ ಮರಿ ತಿನ್ನುತ್ತೆ.

ಕರಾವಳಿ ಮಳೆ, ಉಡುಪಿ:
ನಿಮ್ಮ ಗಿಡ ಆಫ್ರಿಕಾದ್ದು, ಮೀನು ಮಾತ್ರ ಊರಿನದೇ ಆಗಬೇಕಾ?

ಮಲೆನಾಡ ಕೆರೆಯಂಚು, ಸಾಗರ:
ಗಿಡದ ತಲೆ ಕತ್ತರಿಸಬಹುದು. ಹಳ್ಳಕ್ಕೆ ಹೋದ ಮೀನನ್ನು ಹೇಗೆ ವಾಪಸ್ ತರುತ್ತೀರಿ?

ಮೈಸೂರು ಬಾಲ್ಕನಿ:
ಎಲ್ಲರಿಗೂ ಧನ್ಯವಾದ. ನೋಡಿದೆ, ಎಲೆ ಪಟ್ಟಿಯಾಗಿಯೇ ಇದೆ, ಅಂದರೆ ಪಪೈರಸ್ ಅಲ್ಲ. ಬೆಕ್ಕಿನ ವಿಷಯ ಯಾರಾದರೂ ಹೇಳ್ತೀರಾ?

ಬಯಲುಸೀಮೆ ಅಕ್ಕ, ಬಳ್ಳಾರಿ:
ಈ ಗಿಡ ಕಚ್ಚಿದರೆ ಭಯ ಬೇಡಮ್ಮ. ಇದೇ ಜಾತಿಯ ಒಂದು ಗಿಡ್ಡ ತಳಿಯನ್ನು ಬೆಕ್ಕಿನ ಹುಲ್ಲು ಅಂತಲೇ ಮಾರುತ್ತಾರೆ. ಜಾಸ್ತಿ ತಿಂದರೆ ವಾಂತಿ ಮಾಡಬಹುದು, ಅಷ್ಟೇ. ಬೆಂಗಳೂರಿನವರು ಹೇಳಿದ ಶೆಫ್ಲೆರಾ ಮಾತ್ರ ಬೆಕ್ಕಿಗೆ ಆಗದು, ಬಾಯಿ ಉರಿದು ಜೊಲ್ಲು ಸುರಿಸುತ್ತೆ. ಕಂದು ತುದಿ ಕತ್ತರಿಸಿ. ನಿಮ್ಮ ಮನೆಗೆ ಬರುವುದು ಬೋರ್ ನೀರಾ, ಕಾವೇರಿಯಾ? ಅದನ್ನು ಮೊದಲು ಹೇಳಿ.