ಗೊದ್ದ, ಕಟ್ಟಿರುವೆ, ಗಂಡು ಚೀಮ: ಇವೆಲ್ಲ ಒಂದೇನಾ? ಜೊತೆಗೆ 'ಕಾರ್ಮಿಕ ಇರುವೆ'ಗೆ ಒಳ್ಳೆ ಪದ ಬೇಕು

ಗೆಳೆಯರೇ, ಒಂದೇ ಒಂದು ಪದ ಕೇಳೋಣ ಅಂತ ಬರೆಯೋಕೆ ಕೂತೆ. ಬರೆಯುತ್ತಾ ನಾಲ್ಕೈದು ಆಗಿವೆ, ಬೇಜಾರಾಗಬೇಡಿ.

ನಾನು ಕೊಪ್ಪಳ ತಾಲೂಕಿನ ಒಂದು ಹಳ್ಳಿಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮ ಗೋಡೆ ಪತ್ರಿಕೆಗೆ ಅಂಗಳದ ಬೇವಿನ ಬುಡದಲ್ಲಿ ಗೂಡು ಮಾಡಿಕೊಂಡಿರುವ ದೊಡ್ಡ ಕರಿ ಇರುವೆ ಬಗ್ಗೆ ಅರ್ಧ ಪುಟ ಬರೆದೆ. ವಿಜ್ಞಾನದಲ್ಲಿ ಇದರ ಹೆಸರು ಕ್ಯಾಂಪೊನೋಟಸ್ ಕಂಪ್ರೆಸ್ಸಸ್. ಈ ಗುಂಪಿನ ಇರುವೆಗಳಿಗೆ ಇಂಗ್ಲಿಷಿನಲ್ಲಿ ಕಾರ್ಪೆಂಟರ್ ಅನ್ನುತ್ತಾರಲ್ಲ, ನಾನೂ ಸುಮ್ನೆ 'ಬಡಗಿ ಇರುವೆ' ಅಂತ ಬರೆದುಬಿಟ್ಟೆ. ಆರನೇ ಕ್ಲಾಸಿನ ಹುಡುಗನೊಬ್ಬ ಓದಿ, "ಸರ, ಇದು ಬಡಿಗಿ ಹಂಗ ಎಲ್ಲೈತ್ರಿ? ಇದು ಗೊದ್ದ ಅಲ್ಲೇನ್ರಿ?" ಅಂದ. ನಮ್ಮ ಕಡೆ ಬಡಿಗಿ ಅಂದರೆ ಕೋಲು. ಮರಗೆಲಸ ಮಾಡುವವರು ಬಡಿಗೇರರು. ಮಗು ಪಾಪ ಕೋಲಿನಂಥ ಇರುವೆಯನ್ನು ಹುಡುಕುತ್ತಿತ್ತು!

ಅವನು ಹೇಳಿದ್ದೇ ಸರಿ ಅನ್ನಿಸುತ್ತೆ. ಚಳಿ ದೇಶಗಳಲ್ಲಿ ಇದೇ ಗುಂಪಿನ ಕೆಲವು ಇರುವೆಗಳು ಮರ ಕೊರೆದು ಗೂಡು ಮಾಡುತ್ತವೆ, ಆ ಹೆಸರು ಬಂದದ್ದು ಅದರಿಂದ. ನಮ್ಮದು ಮಣ್ಣಲ್ಲಿ, ಮರದ ಬೇರಿನ ಪಕ್ಕ ತೋಡಿಕೊಂಡು ಇರುತ್ತದೆ. ಉಳಿಯೂ ಇಲ್ಲ, ಕೊಡತಿಯೂ ಇಲ್ಲ. ಹಾಗಾಗಿ ಬಡಗಿಯನ್ನು ಹೊಡೆದು ಹಾಕಿದೆ. ಆದರೆ ಅಲ್ಲಿ ಗೊದ್ದ ಅಂತ ಬರೆಯಲು ಹೋದರೆ ಬೇರೆ ತೊಡಕು.

ತೊಡಕು ಏನಪ್ಪಾ ಅಂದರೆ, ಒಂದೇ ಗೂಡಿನಿಂದ ಸಣ್ಣವೂ ಬರುತ್ತವೆ, ದೊಡ್ಡವೂ ಬರುತ್ತವೆ. ದೊಡ್ಡವು ಸಣ್ಣವಕ್ಕಿಂತ ಹೆಚ್ಚು ಕಮ್ಮಿ ಎರಡರಷ್ಟು ಉದ್ದ, ತಲೆಯಂತೂ ಮೈಗೆ ಮೀರಿದ್ದು. ನಮ್ಮೂರಲ್ಲಿ ಈ ದಪ್ಪ ತಲೆಯವನ್ನು ಮಾತ್ರ ಗೊದ್ದ ಅನ್ನುತ್ತಾರೆ, ಅದೇ ಸಾಲಿನಲ್ಲಿ ಹೋಗುವ ಸಣ್ಣದಕ್ಕೆ ಬರೀ 'ಇರಬಿ'. ಅಂದರೆ ಒಡಹುಟ್ಟಿದವರಿಗೇ ಎರಡು ಜಾತಿಯ ಹೆಸರು. ಈ ಇರುವೆಯನ್ನು 1787ರಲ್ಲಿ ಮೊದಲು ವಿವರಿಸಿದವರು ಫ್ಯಾಬ್ರಿಷಿಯಸ್ ಅನ್ನುವ ಕೀಟ ವಿಜ್ಞಾನಿ, ಆಗ ಎಲ್ಲ ಇರುವೆಗಳನ್ನೂ ಫಾರ್ಮಿಕಾ ಅನ್ನುವ ಒಂದೇ ಚೀಲಕ್ಕೆ ತುಂಬುತ್ತಿದ್ದ ಕಾಲ. 1861ರಲ್ಲಿ ಮೇಯರ್ ಎಂಬವರು ಕ್ಯಾಂಪೊನೋಟಸ್ ಅಂತ ಬೇರೆ ಮಾಡಿದರು. ಆ ಗ್ರೀಕ್ ಪದಕ್ಕೆ ಬಾಗಿದ ಬೆನ್ನು ಅಂತ ಅರ್ಥ. ಪಕ್ಕದಿಂದ ನೋಡಿ, ಕತ್ತಿನಿಂದ ಹಿಂದಕ್ಕೆ ಡುಬ್ಬ ಒಂದೇ ಸಮ ಕಮಾನಿನ ಹಾಗೆ ಬಾಗಿರುತ್ತದೆ. ಸಣ್ಣದರಲ್ಲೂ ಅಷ್ಟೇ, ದೊಡ್ಡದರಲ್ಲೂ ಅಷ್ಟೇ. ಅವರು ನೋಡಿದ್ದು ಬೆನ್ನು, ನಮ್ಮೂರವರು ನೋಡಿದ್ದು ತಲೆ ಮತ್ತು ಕಡಿತ.

ಅಂದಹಾಗೆ ಇರಬಿ ಅನ್ನುವುದು ತಪ್ಪು ಉಚ್ಚಾರ ಅಂತ ಮಕ್ಕಳನ್ನು ತಿದ್ದುವವರಿದ್ದಾರೆ. ಹಳಗನ್ನಡದಲ್ಲಿ ಇಱುಂಪೆ ಅಂತಿತ್ತು, ಅದಕ್ಕೆ ಇರುವೆಗಿಂತ ನಮ್ಮ ಇರಬಿಯೇ ಹತ್ತಿರ. ಸುಮ್ಮನಿರಿ ಅಂತ ಹೇಳಬೇಕು ಅವರಿಗೆ.

ಗಂಗಾವತಿ ಕಡೆಯ ಕ್ಯಾಂಪುಗಳಲ್ಲಿ, ಅಂದರೆ ಆಂಧ್ರದಿಂದ ಬಂದು ನೆಲೆಸಿದವರ ಊರುಗಳಲ್ಲಿ, ತೆಲುಗು ಮಾತಾಡುವವರು ಜಾಸ್ತಿ. ಅವರು ಇದಕ್ಕೆ 'ಗಂಡು ಚೀಮ' ಅನ್ನುತ್ತಾರೆ, ಚೀಮ ಅಂದರೆ ಇರುವೆ. ಅವರ ಮಾತಿನಲ್ಲಿ ಗಂಡು ಅಂದರೆ ದೊಡ್ಡದು, ಗಟ್ಟಿ ಅಂತಲೂ ಆಗುತ್ತೆ, ಗಂಡು ಬೆಕ್ಕಿಗೆ ಗಂಡು ಪಿಲ್ಲಿ ಅಂದ ಹಾಗೆ. ಆದರೆ ಕೇಳಿ, ನೆಲದ ಮೇಲೆ ಓಡಾಡುವ ಈ ಇರುವೆಗಳಲ್ಲಿ ಗಂಡು ಒಂದೂ ಇಲ್ಲ! ಎಲ್ಲ ಹೆಣ್ಣು. ಗಂಡಿಗೆ ರೆಕ್ಕೆ ಇರುತ್ತದೆ, ಹಾರಿ ಹೋಗಿ ಹೊಸ ರಾಣಿಯ ಜೊತೆ ಕೂಡುತ್ತದೆ, ಸಾಯುತ್ತದೆ, ಅಷ್ಟೇ ಅದರ ಬಾಳು. ಫಲಿತ ಮೊಟ್ಟೆಯಿಂದ ಹೆಣ್ಣು, ಫಲಿತವಾಗದ ಮೊಟ್ಟೆಯಿಂದ ಗಂಡು. ಹಾಗಾಗಿ ಗಂಡಿರುವೆಗೆ ಅಪ್ಪನೇ ಇಲ್ಲ, ಅಜ್ಜ ಮಾತ್ರ ಇದ್ದಾನೆ. ಇದನ್ನು ಹೇಳಿದ ದಿನ ಕ್ಲಾಸಿನಲ್ಲಿ ಮುಂದಿನ ಪಾಠ ನಡೆಯಲೇ ಇಲ್ಲ.

ಇಲ್ಲಿಂದ ನನ್ನ ಅಸಲಿ ಪ್ರಶ್ನೆ. ಪಠ್ಯದಲ್ಲಿ ಬರುವುದು 'ಕಾರ್ಮಿಕ ಇರುವೆ', 'ಸೈನಿಕ ಇರುವೆ'. ಕಾರ್ಮಿಕ ಅಂದ ಕೂಡಲೇ ಮಕ್ಕಳು ಗಂಡಸಿನ ಚಿತ್ರ ಬರೆಯುತ್ತಾರೆ, ಮೀಸೆ ಸಹಿತ. ನಮ್ಮ ಹೊಲಗಳಲ್ಲಿ ಕಳೆ ತೆಗೆಯಲು, ಹತ್ತಿ ಬಿಡಿಸಲು ಬರುವವರಿಗೆ ಹೆಣ್ಣಾಳು ಅನ್ನುತ್ತೇವೆ. ಇವತ್ತು ಎಷ್ಟು ಹೆಣ್ಣಾಳು, ಎಷ್ಟು ಗಂಡಾಳು ಅಂತ ದಿನಾ ಕೇಳುವ ಮಾತು. ಗೊದ್ದದ ಗೂಡಿನಲ್ಲಿ ದುಡಿಯುವವರೆಲ್ಲ ಹೆಣ್ಣಾಳುಗಳೇ ಅಲ್ವಾ? 'ಆಳಿರುವೆ' ಅಂದರೆ ಸಾಕು ಅಂತ ನನ್ನ ಅನಿಸಿಕೆ. ಸಣ್ಣ ತಲೆಯವು ಸಣ್ಣಾಳು, ದಪ್ಪ ತಲೆಯವು ದೊಡ್ಡಾಳು. ಸೈನಿಕ ನನಗೆ ಬೇಡ. ಅವು ಬರೀ ಜಗಳಕ್ಕೆ ಇರುವವಲ್ಲ, ದೊಡ್ಡ ತುಂಡು ಎಳೆಯುತ್ತವೆ, ಗಟ್ಟಿ ಇದ್ದದ್ದನ್ನು ಕತ್ತರಿಸುತ್ತವೆ. ಸಹೋದ್ಯೋಗಿಯೊಬ್ಬರು ಆಳು ಅನ್ನುವುದು ಕೀಳಾಗಿ ಕೇಳಿಸುತ್ತೆ ಅಂದರು. ನಾನಂತೂ ಒಪ್ಪಲಿಲ್ಲ, ನಮ್ಮ ಅವ್ವನೂ ಆಳಾಗಿ ದುಡಿದವಳೇ.

ಇನ್ನೊಂದು ಪದ. ಅಲಸಂದಿ ಬಳ್ಳಿಯ ಕುಡಿಗೆ ಹತ್ತಿದ ಹೇನುಗಳ ಹತ್ತಿರ ಈ ಇರುವೆಗಳು ಕಾದು ನಿಲ್ಲುತ್ತವೆ. ಹೇನು ಬಿಡುವ ಅಂಟಂಟು ಸಿಹಿ ರಸವನ್ನು ಕುಡಿದು, ಅದರಲ್ಲಿ ಬಹಳಷ್ಟನ್ನು ಒಂದು ಬೇರೆ ಚೀಲದಂಥ ಹೊಟ್ಟೆಯಲ್ಲಿ ಇಟ್ಟುಕೊಂಡು, ಗೂಡಿಗೆ ಬಂದು ಬಾಯಿಂದ ಬಾಯಿಗೆ ಕೊಡುತ್ತವೆ. ಇದಕ್ಕೆ ಒಂದು ಕಡೆ 'ಪರಸ್ಪರ ಆಹಾರ ವಿನಿಮಯ' ಅಂತ ಓದಿದೆ. ಹಕ್ಕಿ ಮರಿಗೆ ಕೊಡುವುದಕ್ಕೆ ನಮ್ಮಲ್ಲಿ ಗುಟುಕು ಅನ್ನುವ ಪದ ಇರುವಾಗ ಈ ಮೂರು ಪದದ ಮೆರವಣಿಗೆ ಯಾಕೆ? ಗುಟುಕು ಬರೀ ಮರಿಗೆ ಮಾತ್ರ ಅಂತೀರಾ, ದೊಡ್ಡವರಿಗೂ ಆಗುತ್ತಾ?

ಕಡಿತದ ಬಗ್ಗೆಯೂ ಕೇಳಬೇಕಿತ್ತು. ನಮ್ಮಲ್ಲಿ ನಾಯಿಯೂ ಕಡಿಯುತ್ತೆ, ಚೇಳೂ ಕಡಿಯುತ್ತೆ, ಗೊದ್ದವೂ ಕಡಿಯುತ್ತೆ. ಗೊದ್ದಕ್ಕೆ ನಿಜವಾಗಿ ಮುಳ್ಳೇ ಇಲ್ಲ. ದವಡೆಯಿಂದ ಹಿಡಿದು ಚರ್ಮ ಸೀಳಿ, ಹೊಟ್ಟೆ ಮುಂದಕ್ಕೆ ಬಾಗಿಸಿ ಗಾಯದ ಮೇಲೆ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ, ಉರಿ ಅದರದ್ದು. ಮುಳ್ಳಿರುವ ಇರುವೆಗಳೂ ಇವೆ, ಇರುವೆಗಳೆಲ್ಲದರ ಹತ್ತಿರದ ನೆಂಟರು ಕಣಜ, ಜೇನು ತಾನೇ. ಹಾಗಾದರೆ ಗೊದ್ದಕ್ಕೆ ಕಡಿ, ಮುಳ್ಳಿನದಕ್ಕೆ ಕುಟುಕು ಅಂತ ಬೇರೆ ಮಾಡಬಹುದಾ?

ಒರಲಿಗೆ 'ಬಿಳಿ ಇರುವೆ' ಅಂತ ಬರೆಯುವುದನ್ನು ಮಾತ್ರ ದಯವಿಟ್ಟು ನಿಲ್ಲಿಸಿ. ಅದು ಜಿರಳೆಯ ಕಡೆಯ ನೆಂಟ. ಗೆದ್ದಲು, ಒರಲೆ ಅಂತ ಎರಡೆರಡು ಪದ ನಮ್ಮಲ್ಲೇ ಇವೆ, ಇರುವೆಯ ಹೆಸರು ಅದಕ್ಕೆ ಬೇಕಿಲ್ಲ.

ಈಗ ಹೇಳಿ: ನಿಮ್ಮ ಕಡೆ ಕಟ್ಟಿರುವೆ ಅಂದರೆ ಇದೇ ಕರಿಯದಾ, ಬೇರೆಯದಾ? ಗೊದ್ದ ಅನ್ನುವಲ್ಲಿ ಸಣ್ಣದನ್ನೂ ಸೇರಿಸುತ್ತೀರಾ? ಸಿಂಧನೂರು, ಸಿರುಗುಪ್ಪದವರು ಏನನ್ನುತ್ತೀರಿ? ಪತ್ರಿಕೆ ಸೋಮವಾರ ಬದಲಾಗುತ್ತದೆ. ಸದ್ಯಕ್ಕೆ ಬಡಗಿ ಅನ್ನುವುದರ ಮೇಲೆ ಆ ಹುಡುಗನೇ ಒಂದು ಚೀಟಿ ಅಂಟಿಸಿ 'ಗೊದ್ದ' ಅಂತ ಬರೆದಿದ್ದಾನೆ, ಪಕ್ಕದಲ್ಲಿ ಬೆನ್ನು ಬಾಗಿದ ಚಿತ್ರ. ಮೀಸೆ ಇಲ್ಲ.