ಸಹಾಯ ಬೇಕು: ಡಿಸ್ಚಾರ್ಜ್ ಆದವರ ಮನೆಯಲ್ಲಿ ಕಿಟ್ ಬಳಸಿ ನೋಡಲು

ಹೃದಯ ವೈಫಲ್ಯಕ್ಕೆ ಚಿಕಿತ್ಸೆ ಪಡೆದು ಮನೆಗೆ ಬಂದವರ ತೂಕ ಎರಡು ಮೂರು ದಿನದಲ್ಲೇ 2 ಕೆಜಿ ಏರಿದರೆ, ಮೈಯಲ್ಲಿ ನೀರು ತುಂಬುತ್ತಿರಬಹುದು. ಕಾಲು ಊದುವ ಮೊದಲೇ ಇದು ಗೊತ್ತಾದರೆ ಎಷ್ಟೋ ಒಳ್ಳೆಯದು. ಅದಕ್ಕೇ ತೂಕ, ಬಿಪಿ, ಆಕ್ಸಿಜನ್ ಅಳತೆಯನ್ನು ನರ್ಸ್‌ಗೆ ಕಳಿಸುವ ಕಿಟ್ ಒಂದನ್ನು ನಮ್ಮ ತಂಡ ಪರೀಕ್ಷಿಸುತ್ತಿದೆ.

ಆದರೆ ಮಳೆಗಾಲದಲ್ಲಿ ಮೂಡಿಗೆರೆ, ಕಳಸದ ಕಡೆ ಕರೆಂಟ್, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ ಅಲ್ವಾ? ಚಳಿಗೆ ಬೆರಳು ತಣ್ಣಗಾದರೂ ಆಕ್ಸಿಮೀಟರ್ ತಪ್ಪು ತೋರಿಸಬಹುದು. ಅಜ್ಜಿ ಗೋಡೆ ಹಿಡಿದು ನಿಂತರೆ ತೂಕ ಕಮ್ಮಿ ಬರುತ್ತದೆ. ಇಂಥದ್ದೆಲ್ಲ ಲ್ಯಾಬ್‌ನಲ್ಲಿ ಕಾಣುವುದಿಲ್ಲ.

ಇತ್ತೀಚೆಗೆ ಡಿಸ್ಚಾರ್ಜ್ ಆದವರ ಮನೆಯವರು, ಆಶಾ ಕಾರ್ಯಕರ್ತೆಯರು ದಯವಿಟ್ಟು ಕೈಜೋಡಿಸಿ. ಖರ್ಚಿಲ್ಲ. ಡಾಕ್ಟರ್ ಕೊಟ್ಟ ಮಾತ್ರೆ ಬದಲಾಗುವುದಿಲ್ಲ. ರೋಗಿಯ ಒಪ್ಪಿಗೆ ಬೇಕೇ ಬೇಕು, ಬೇಡ ಅನಿಸಿದ ದಿನ ಬಿಡಬಹುದು. ಕೆಳಗೆ ಊರಿನ ಹೆಸರು ಮಾತ್ರ ಬರೆಯಿರಿ, ರಿಪೋರ್ಟ್ ಹಾಕಬೇಡಿ.