ಅಪ್‌ಡೇಟ್: ಮನೆಯೆಲ್ಲ ಹಾರಾಡುತ್ತಿದ್ದ ನಮ್ಮ ಪೂಡಲ್ ನಾಯಿ

ಸಂಜೆಯಾದರೆ ನಮ್ಮ ಪೂಡಲ್ ಸೋಫಾ ಹತ್ತಿ ಹಾರುತ್ತೆ, ಯಾರು ಬಂದರೂ ಮೈಮೇಲೆ ಜಿಗಿಯುತ್ತೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್ ರೀ.

ಇನ್ನೂ ಓಡಿಸಿ ಅಂದವರೇ ಜಾಸ್ತಿ. ಉಣಕಲ್ ಕೆರೆ ಹತ್ತಿರ ಚೆಂಡು ಎಸೆದು ಓಡಿಸಿದ್ದೂ ಆಯ್ತು. ದಮ್ಮು ಬೆಳೆಯಿತು, ಹಾರಾಟ ಇಳಿಯಲಿಲ್ಲ! ಕೆಲಸಕ್ಕೆ ಬಂದದ್ದು ಮೂಗಿಗೆ ಕೆಲಸ ಕೊಡಿ ಅನ್ನೋ ಸಲಹೆ. ಪೂಡಲ್ ಮೂಲತಃ ಬೇಟೆಯಲ್ಲಿ ಬಿದ್ದ ಬಾತುಕೋಳಿಯನ್ನು ನೀರಿನಿಂದ ಎತ್ತಿ ತರುತ್ತಿದ್ದ ನಾಯಿ. ತಲೆಗೆ ಕೆಲಸ ಸಿಗದಿದ್ದರೆ ತಾನೇ ಹುಡುಕಿಕೊಳ್ಳುತ್ತೆ, ನಮ್ಮ ಚಪ್ಪಲಿಯಲ್ಲಿ. ಈಗ ಅದರ ಊಟವನ್ನು ಹಳೇ ಟವೆಲ್‌ನಲ್ಲಿ ಸುತ್ತಿ ಇಡುತ್ತೇವೆ, ಇಲ್ಲವೇ ಅಂಗಳದಲ್ಲಿ ಚೆಲ್ಲುತ್ತೇವೆ. ಮೂಸಿ ಮೂಸಿ ಹುಡುಕಿ ತಿಂದು, ಆಮೇಲೆ ತಾನೇ ಹೋಗಿ ಮಲಗುತ್ತೆ. ವಾಕಿಂಗ್ ಬಿಸಿಲೇರುವ ಮುಂಚೆ, ಮೂಸಲಿಕ್ಕೆ ಬೇಕಾದಷ್ಟು ಬಿಟ್ಟು.

ನಿದ್ದೆಯ ವಿಷಯ ಗೊತ್ತೇ ಇರಲಿಲ್ಲ. ಬೆಳೆದ ನಾಯಿಗೂ ದಿನಕ್ಕೆ ಸುಮಾರು 12 ಗಂಟೆ ನಿದ್ದೆ ಬೇಕಂತೆ. ಮಕ್ಕಳು ಎಲ್ಲಿ ಬಿಡ್ತಾರೆ? ಅದಕ್ಕೇ ಮಧ್ಯಾಹ್ನ ಅದನ್ನು ಒಳಕೋಣೆಯಲ್ಲಿ ಮಲಗಲು ಬಿಡುತ್ತೇವೆ, ಸಂಜೆ ಗಲಾಟೆ ಅರ್ಧಕ್ಕಿಳಿದಿದೆ.

ಜಿಗಿದರೆ ಎಲ್ಲರೂ ಬೆನ್ನು ತಿರುಗಿಸುತ್ತೇವೆ, ನಾಲ್ಕೂ ಕಾಲು ನೆಲಕ್ಕಿಟ್ಟರೆ ಮಾತ್ರ ಮುದ್ದು. ಅವ್ವ ಮಾತ್ರ ಜಿಗಿದಾಗಲೇ ರೊಟ್ಟಿ ಚೂರು ಕೊಡ್ತಾಳೆ. ಅವ್ವನಿಗೆ ಹೇಳೋರು ಯಾರು!

ಕುಕ್ಕರ್ ಸೀಟಿಗೆ ಬೊಗಳೋದು ಇನ್ನೂ ನಿಂತಿಲ್ಲ. ಅದಕ್ಕೇನಾದರೂ ಉಪಾಯ ಇದೆಯಾ?